ಬೋಂಡಾ ಹಾರದ ಸಂಜೆ

ನಾವಿರುವ ಐರಿಷ್ ಊರು ಲೂಕನ್‌ನಲ್ಲೆಲ್ಲ ನಾಯಿ ಪಳಗಿಸಬಲ್ಲ ಗಂಡಸೆಂದರೆ ನಾನೊಬ್ಬನೇ ಎಂದು ಘೋಷಿಸಿಬಿಟ್ಟೆ! ಘೋಷಿಸದೆ ಬೇರೆ ದಾರಿಯಿರಲಿಲ್ಲ. ನಮ್ಮ ನಾಯಿ ಬೋಂಡಾ, ಪ್ರೀತಿ ಉಕ್ಕಿದರೆ ಸಾಕು, ಬಂದವರ ಎದೆಮಟ್ಟ ಹಾರುತ್ತಾನೆ. ಅಂಥದ್ದರಲ್ಲಿ, ಮೊಣಕಾಲಿನ ಆಪರೇಷನ್ ಆದ ನಮ್ಮತ್ತೆ ಬಸಲಿಂಗಮ್ಮ ದಾವಣಗೆರೆಯಿಂದ ಬಂದಿಳಿದರು.

"ಅಮ್ಮನ ಮೇಲೆ ಒಂದೇ ಒಂದ್ಸಲ ಹಾರ್ಲಿ, ಇವನು ದೂರದ ಲಿಮೆರಿಕ್‌ಗೆ, ಫ್ರೆಂಡ್ ಮಂಜೇಶನ ಮನೆಗೆ!" ಎಂದಳು ಹೆಂಡತಿ ಅಪೂರ್ವಾ.

ಈ ಮನೆಯಲ್ಲಿ ನನ್ನನ್ನು ಕಂಡು ಖುಷಿಪಡುವ ಜೀವ ಅದೊಂದೇ!

"ಅತ್ತೆ, ಬಹಳ ಸುಲಭ. ಅವನು ಹತ್ರ ಬಂದ್ರೆ ಬೆನ್ನು ತಿರುಗಿಸಿ, ಕೈ ಕಟ್ಟಿ ನಿಂತ್ಬಿಡಿ. ಮಾತಾಡ್ಬೇಡಿ, ಕದಲ್ಬೇಡಿ. ತೆಪ್ಪಗೆ ಕೂತ್ಕೋತಾನೆ," ಎಂದು ಪಾಠ ಹೇಳಿ, ಅಪೂರ್ವಾಳ ಜೊತೆ ತರಕಾರಿಗೆ ಹೊರಟೆ.

ವಾಪಸಾಗುವಾಗ ಐದು ಗಂಟೆ. ನವೆಂಬರ್ ನೋಡಿ, ಆಗಲೇ ಗವ್ವೆನ್ನುವ ಕತ್ತಲು. ಮನೆಯಲ್ಲಿ ಒಂದು ದೀಪವಿಲ್ಲ. ಕೀಲಿಯ ಸದ್ದಿಗೇ ಓಡಿಬರುವ ಬೋಂಡಾ ಬರಲಿಲ್ಲ.

"ಬೋಂಡಾ?" ಸದ್ದಿಲ್ಲ. "ಅತ್ತೆ?" ಊಹೂಂ.

ಬಾಗಿಲಿಂದ ಬಿದ್ದ ಬೀದಿದೀಪದ ಬೆಳಕಲ್ಲಿ, ಮೆಟ್ಟಿಲ ಬುಡದಲ್ಲಿ ಬೋಂಡಾ ಕಲ್ಲಾಗಿ ಕೂತಿದ್ದ. ಅವನ ಮುಂದೆ, ಗೋಡೆಗೆ ಮುಖ ಮಾಡಿ, ಏನೋ ನಿಂತಿತ್ತು. ಬಿಳಿ ಬಟ್ಟೆ. ಬಿಚ್ಚಿದ ಕೂದಲು. ಅದರ ತುದಿಯಿಂದ ಟಪ್... ಟಪ್... ಹಿಂದೆ ಈ ಮನೆಯಲ್ಲಿದ್ದ ಮುದುಕಿ ಇದೇ ಮೆಟ್ಟಿಲ ಮೇಲೆ ತೀರಿಕೊಂಡಳೆಂದು ಪಕ್ಕದ ಮನೆಯ ಐರಿಷ್ ಅಜ್ಜ ಹೇಳಿದ್ದು ಆಗಲೇ ನೆನಪಾಗಬೇಕೇ!

"ಯಾ... ಯಾರು?"

ನಿಧಾನಕ್ಕೆ, ಬಹಳ ನಿಧಾನಕ್ಕೆ, ತಲೆಯೊಂದೇ ತಿರುಗಿತು. ಮುಖವೆಲ್ಲ ಹಳದಿ!

"ಅಯ್ಯಯ್ಯಪ್ಪೋ!"

ಎಲ್ಲಿಗೆ ಹಾರಿದೆನೋ ಗೊತ್ತಿಲ್ಲ. ಬಿದ್ದದ್ದು ಮಾತ್ರ ಹಿಂದಿದ್ದ ಅಪೂರ್ವಾಳ ಮೇಲೆ, ತರಕಾರಿ ಚೀಲ ಸಮೇತ! ಅವಳು ಹೇಗೋ ಎದ್ದು ದೀಪ ಹಾಕಿದಳು. ನಿಂತಿದ್ದದ್ದು ಅತ್ತೆ! ತಲೆ ಒದ್ದೆ, ಮುಖಕ್ಕೆ ಅರಿಶಿನ, ಮೈಮೇಲೆ ಬಿಳಿ ನೈಟಿ.

"ಎಣ್ಣೆಸ್ನಾನ ಮಾಡಿ ಕೆಳಗಿಳಿದೆ, ಇವನು ಬಂದ. ನೀವು ಹೇಳ್ದಂಗೇ ತಿರುಗಿ ನಿಂತೆ ಅಳಿಯಂದ್ರೇ. ಲೈಟ್ ಹಾಕೋಕೂ ಕದಲ್ಲಿಲ್ಲ. ಎಷ್ಟು ಹೊತ್ತು ನಿಲ್ಬೇಕು ಅಂತ ನೀವು ಹೇಳೇ ಇಲ್ವಲ್ಲ! ಕಾಲು ಜೋಮು ಹಿಡೀತು."

ಅಪೂರ್ವಾ ಕೂದಲಿಂದ ಕೊತ್ತಂಬರಿ ಸೊಪ್ಪು ಕಿತ್ತೆಸೆಯುತ್ತ ನನ್ನನ್ನು ನುಂಗುವಂತೆ ನೋಡಿದಳು. "ಅಮ್ಮಾ, ಬೋಂಡಾ ಹಾರಿದ್ನಾ?"

"ಪಾಪ, ಅಲ್ಲಾಡ್ಲೂ ಇಲ್ಲ." ಅತ್ತೆ ಅವನ ತಲೆ ಸವರಿದರು. "ಇವನು ಇಲ್ಲೇ ಇರ್ಲಿ ಕಣೇ. ಹಾರಿದವ್ರನ್ನ ಲಿಮೆರಿಕ್‌ಗೆ ಕಳ್ಸು!"