ಮಾವನ ಹಾಯಿಹಗ್ಗ

ಮದುವೆಮನೆಗೆ ಹೋದರೆ ನೀವು ಮೊದಲು ಏನು ನೋಡುತ್ತೀರಿ? ನನ್ನ ಸೋದರಮಾವ ಚಪ್ಪರದ ಹಗ್ಗ ನೋಡುತ್ತಿದ್ದರು! ನೋಡಿ ಸುಮ್ಮನಿದ್ದರೆ ಸರಿ, ಜಗ್ಗಿಯೂ ನೋಡುತ್ತಿದ್ದರು. ಒಮ್ಮೆ ಚಪ್ಪರದ ಮೂಲೆಯೊಂದು ಪುರೋಹಿತರ ತಲೆಯ ಮೇಲೆ ಬಂದು ಕೂತಾಗ ಮಾವ ಹೇಳಿದ ಸಮಾಧಾನ ಇಷ್ಟೇ: ಹುರಿ ಹಳತು, ಇವತ್ತಲ್ಲ ನಾಳೆ ಬೀಳುವುದೇ.

ಈ ಹುಚ್ಚು ಹಿಡಿಸಿದ್ದು ಒಂದು ಹಾಯಿದೋಣಿ. ಮದರಾಸಿನಲ್ಲಿ ಗುಮಾಸ್ತರಾಗಿದ್ದ ಮಾವನಿಗೆ ಕಂಪನಿಯ ಬಿಳಿ ದೊರೆ ವಿಲಾಯಿತಿಗೆ ಮರಳುವಾಗ ತನ್ನ ಪುಟ್ಟ ದೋಣಿಯನ್ನು ಕೊಟ್ಟುಹೋದ. ಕುಂದಾಪುರದ ಹೊಳೆಯಲ್ಲಿ ದೋಣಿ ನಡೆಸಿ ಬೆಳೆದವರಿಗೆ ಸ್ವರ್ಗ ಮೂರೇ ಗೇಣು! ಆದರೆ ಮೊದಲ ಭಾನುವಾರವೇ ನಡುಸಮುದ್ರದಲ್ಲಿ ಹಾಯಿ ಏರಿಸುವ ಹಗ್ಗ ಪಟ್ಟೆಂದು ಕಡಿದು, ಹಾಯಿ ಮಾವನ ಮೇಲೆ ಕಂಬಳಿಯಂತೆ ಬಿತ್ತು. ಕಟ್ಟುಮರದಲ್ಲಿ ಮೀನಿಗೆ ಬಂದವರು ಎಳೆದು ದಡ ಸೇರಿಸಿದರು. ಕಡಿಯದ ಹಗ್ಗ ಸಿಗುವವರೆಗೆ ನೀರಿಗಿಳಿದರೆ ತಾನು ತವರಿಗೆ ಹೊರಟೆ ಎಂದು ಅತ್ತೆ ಅಂದೇ ಹೇಳಿಬಿಟ್ಟರು.

ಮಾವ ಪಟ್ಟು ಹಿಡಿದರು. ತೆಂಗಿನ ನಾರು, ನೂಲು, ಆಗ ಅಪರೂಪವಾಗಿದ್ದ ನೈಲಾನು, ಎಲ್ಲ ಬಗೆಯ ಹಗ್ಗಗಳೂ ಮದರಾಸಿನ ನುಂಗಂಬಾಕ್ಕಂ ಬಡಾವಣೆಯ ಮನೆಗೆ ಬಂದವು. ಪರೀಕ್ಷೆ ಎಲ್ಲಿ? ಹಿತ್ತಲಿನ ಬಾವಿಯಲ್ಲಿ! ನೆನೆಯಬೇಕು, ಒಣಗಬೇಕು, ರಾಟೆಯಲ್ಲಿ ಓಡಬೇಕು. ಸಮುದ್ರದಲ್ಲೂ ಅದೇ ಕೆಲಸ ಎಂಬುದು ಮಾವನ ವಾದ. ಪರೀಕ್ಷೆ ಅವರದು, ನೀರು ಸೇದುವುದು ಅತ್ತೆಯದು. ನೂಲಿನದು ದಿನಕ್ಕಿಷ್ಟು ಹಿಗ್ಗಿತು. ನಾರಿನದು ಅತ್ತೆಯ ಅಂಗೈ ಕೆರೆಯಿತು. ನೈಲಾನು ಕಡಿಯುವ ಜಾತಿಯದಲ್ಲ, ಆದರೆ ಜಾರಿ ಕೊಡಪಾನವನ್ನು ಬಾವಿಗೆ ಕಳಿಸಿ, ಅತ್ತೆಯ ಕೈಯಲ್ಲಿ ಬೊಕ್ಕೆ ಎಬ್ಬಿಸಿತು.

ಕೊನೆಗೆ ಮಾವ ತಾವೇ ಹೊಸೆಯಲು ನಿಂತರು. ಸೆಣಬಿಗೆ ನೂಲು ಸೇರಿಸಿ ಮೂರೆಳೆ ಮಾಡಿ, ಕಿಟಕಿಯ ಸರಳಿಗೆ ಕಟ್ಟಿ, ಹುರಿಗೊಳಿಸುತ್ತ ಹಿಮ್ಮುಖವಾಗಿ ನಡೆದರು. ನಡೆದು ನಡೆದು ಪಕ್ಕದ ಮನೆಯ ಮಾಮಿ ಒಣಹಾಕಿದ್ದ ವಡಾಂ ಸಂಡಿಗೆಯ ಮೇಲೆ ಕಾಲಿಟ್ಟರು. ಮಾಮಿ ತಮಿಳಿನಲ್ಲಿ ಸಹಸ್ರನಾಮ ಶುರುಮಾಡಿದರೂ ಮಾವ ಅಲುಗಲಿಲ್ಲ. ಕೈ ಬಿಟ್ಟರೆ ಹುರಿ ಬಿಚ್ಚಿಹೋಗುತ್ತದಲ್ಲ!

ಆ ಹಗ್ಗ ಒಂದು ಮಳೆಗಾಲವಿಡೀ ಬಾವಿಯಲ್ಲಿ ದುಡಿಯಿತು. ಕಡಿಯಲಿಲ್ಲ, ಹಿಗ್ಗಲಿಲ್ಲ, ಕೈ ಕೆರೆಯಲಿಲ್ಲ. ಮಾವ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಮುಂದಿನ ಭಾನುವಾರ, ಅವರ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ ನಾನೂ ಬಂದರಿಗೆ ಹೋದೆ. ನೋಡಿದರೆ ದೋಣಿಗೆ ಕಟ್ಟಿದ್ದು ಅದೇ ಜಾರುವ ನೈಲಾನು! ಮಾವ ಹಲ್ಲು ಕಚ್ಚಿ ಜಗ್ಗುತ್ತಿದ್ದರು. ಹೊಸೆದ ಹಗ್ಗ ಎಲ್ಲಿ ಎಂದು ಕೇಳಿದೆ.

"ಬಾವಿಯಲ್ಲೇ ಉಂಟು. ನಿನ್ನ ಅತ್ತೆಯ ಅಂಗೈ ಈಗಷ್ಟೇ ಗುಣ ಆಗಿದೆ. ಬಿಚ್ಚಿ ತರ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ."

ಅವರ ಮೇಲೆ ನನಗೆ ಹಿಂದೆಂದೂ ಅಷ್ಟು ಪ್ರೀತಿ ಉಕ್ಕಿರಲಿಲ್ಲ. ಹಾಯಿ ಕಂಬದ ತುದಿಯವರೆಗೂ ಏರಿತು. ಸಂಜೆ ಅತ್ತೆ ಬೈಯುತ್ತ ಬೈಯುತ್ತಲೇ ಮಾವನ ಅಂಗೈಯ ಬೊಕ್ಕೆಗಳಿಗೆ ತೆಂಗಿನೆಣ್ಣೆ ಹಚ್ಚಿದರು.