ಅತ್ತೆಯ ಕಿವಿ ಮತ್ತು ನನ್ನ ಟಕಟಕ ಕೀಬೋರ್ಡು

ಸದ್ದು ಮಾಡದೆ ಕೆಲಸ ಮಾಡುವವರನ್ನು ಕಂಡರೆ ನನಗೆ ಭಯ, ಭಕ್ತಿ ಎರಡೂ ಹುಟ್ಟುತ್ತವೆ. ಆ ವಿದ್ಯೆ ನನಗೆ ಒಲಿದಿಲ್ಲ. ನಾನು ಪಾತ್ರೆ ತೊಳೆದರೆ ಮೂರನೆಯ ಮನೆಯವರಿಗೆ ನಮ್ಮ ಊಟ ಮುಗಿದದ್ದು ಗೊತ್ತಾಗುತ್ತದೆ. ಇದರಲ್ಲಿ ನನ್ನ ತಪ್ಪಿಗಿಂತ ನಮ್ಮ ಕಡೆಯ ಊರುಗಳ ತಪ್ಪೇ ಹೆಚ್ಚು. ಚನ್ನಪಟ್ಟಣದ ನನ್ನ ತವರಿನ ಬೀದಿಯಲ್ಲಿ ಬೆಳಗಾದರೆ ಬೊಂಬೆ ಕಡೆಯುವ ಮೋಟರು ಗುಂಯ್ ಎನ್ನುತ್ತಿತ್ತು. ಮದುವೆಯಾಗಿ ರಾಮನಗರಕ್ಕೆ ಬಂದರೆ ಹಿಂದಿನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರ. ಸದ್ದು ನಿಂತಿತೆಂದರೆ ಕರೆಂಟು ಹೋಯಿತು ಎಂದೋ, ಯಾರಿಗೋ ಏನೋ ಆಯಿತು ಎಂದೋ ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ಕಲಿತ ವಿದ್ಯೆಯಾದರೂ ಎಂಥದ್ದು, ಟೈಪಿಂಗು. ಕಾಫಿಪುಡಿ ಅಂಗಡಿಯ ಮಹಡಿಯ ಮೇಲೆ ಸಾಲಾಗಿ ಇಟ್ಟ ಟೈಪ್‌ರೈಟರುಗಳನ್ನು ನಾವೆಲ್ಲ ಒಟ್ಟಿಗೆ ಬಡಿಯಲು ಕೂತರೆ ಕೆಳಗಿನ ಅಂಗಡಿಯವರು ತೂಕದ ತಕ್ಕಡಿ ಅಲ್ಲಾಡುತ್ತದೆ ಎಂದು ಮೇಷ್ಟ್ರಿಗೆ ದೂರು ಹೇಳುತ್ತಿದ್ದರು. ಮೇಷ್ಟ್ರು ಕೇಳಿಸಿಕೊಂಡು, ನಮ್ಮ ಕಡೆ ತಿರುಗಿ, ಇನ್ನೂ ಜೋರಾಗಿ ಹೊಡೆಯಿರಿ ಎನ್ನುತ್ತಿದ್ದರು.

ಹೀಗೆ ಬೆಳೆದ ನನ್ನ ಮುಂದೆ ಒಂದು ದಿನ ಕಂಪ್ಯೂಟರು ಬಂದು ಕೂತಿತು. ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅಂಥ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಮ್ಮ ಯಜಮಾನರಿಗೆ ಕೆಲಸ. ಅಲ್ಲಿ ಯಂತ್ರಗಳ ಜೊತೆ ಎಚ್ಚರಿಕೆಯ ಮಾತುಗಳೆಲ್ಲ ಇಂಗ್ಲಿಷಿನಲ್ಲಿ ಬಂದಿಳಿದವು. ಕೆಲಸಕ್ಕೆ ಸೇರಿದ ಹುಡುಗರೆಲ್ಲ ಸುತ್ತಮುತ್ತಲಿನ ಹಳ್ಳಿಯವರು. ಅವರಿಗಾಗಿ ಆ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಟೈಪು ಮಾಡಿಕೊಡುವವರು ಬೇಕಾಗಿದ್ದರು. ಇವರು ತಮ್ಮ ಸೇಫ್ಟಿ ಆಫೀಸರ ಮುಂದೆ ನನ್ನ ಹೆಸರು ಹೇಳಿಬಿಟ್ಟರು. ಗೋಡೆಗೆ ಹಾಕುವ ಒಂದು ಬೋರ್ಡು ಸರಿಹೋದರೆ ಇಡೀ ಕಾರ್ಖಾನೆಯ ಬೋರ್ಡುಗಳು ನನಗೇ. ಕೆಟ್ಟರೆ ನನ್ನ ಕೆಲಸ ಹೋಗುವುದಲ್ಲದೆ ಇವರು ದಿನಾ ಆ ಆಫೀಸರ ಮುಂದೆಯೇ ಓಡಾಡಬೇಕು. ಮದುವೆಯಾದ ಮೇಲೆ ನನ್ನದು ಎಂದು ಸಿಕ್ಕಿದ ಮೊದಲ ಕೆಲಸ ಅದು. ಅದನ್ನು ಕಳೆದುಕೊಳ್ಳಲು ನಾನು ಸುತರಾಂ ತಯಾರಿರಲಿಲ್ಲ.

ತೊಂದರೆ ಶುರುವಾದದ್ದು ಕಂಪ್ಯೂಟರಿನ ಜೊತೆ ಬಂದ ಕೀಬೋರ್ಡಿನಿಂದ. ಒತ್ತಿದರೆ ನಾದಿದ ಹಿಟ್ಟು ಒತ್ತಿದಂತೆ ಒಳಗೆ ಹೋಗುತ್ತಿತ್ತು, ಸದ್ದೇ ಇಲ್ಲ. ಆ ಹೊತ್ತಿಗೆ ನಮ್ಮ ಅತ್ತೆ ಮಂಡಿನೋವೆಂದು ಕೂಟಗಲ್ಲಿನ ಹುಳುಮನೆಯನ್ನು ಮೈದುನನ ಕೈಗೆ ಒಪ್ಪಿಸಿ ನಮ್ಮಲ್ಲಿಗೆ ಬಂದಿದ್ದರು. ಆಯುಷ್ಯವೆಲ್ಲ ಹೊಲ, ಹಿಪ್ಪುನೇರಳೆ, ರೇಷ್ಮೆಹುಳು ಎಂದು ದುಡಿದ ಜೀವ. ಅವರು ಕೋಣೆಯ ಬಾಗಿಲಿನಿಂದ ನೋಡಿದರೆ ಸೊಸೆ ಒಂದು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಅಲ್ಲಾಡದೆ ಕೂತಿದ್ದಾಳೆ. ಅದು ಟಿವಿ ಎಂದು ಅವರು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನಿದೆ?

"ಸುಮ್ನೆ ಕುಂತಿದ್ದೀಯಲ್ಲ ಅಮ್ಮಿ, ಒಸಿ ಈ ಸೊಪ್ಪು ಸೋಸ್ಕೊಡು."

ಸೊಪ್ಪು ಮುಗಿದರೆ ಹುರುಳಿಕಾಳು. ಅದು ಮುಗಿದರೆ, "ಎಂಗೂ ಸುಮ್ನೆ ಇದ್ದೀಯ, ಈ ಸೂಜಿಗೆ ದಾರ ಪೋಣಿಸ್ಕೊಡು." ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿ ನೋಡಿದೆ. ಅತ್ತೆ ನನ್ನ ಬೆರಳುಗಳನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿ, "ಆಗ್ಲಿ ಬುಡು, ಅದಾದ್ಮೇಕೆ ಮಾಡ್ಕೊಡು" ಎಂದು ಮೊರವನ್ನು ಕೀಬೋರ್ಡಿನ ಮೇಲೆಯೇ ಇಟ್ಟು ಹೋದರು. ಅವತ್ತು ನನಗೆ ಅಳು ಬಂತು. ಪರದೆಯ ಮೇಲೆ ಸಾಲುಗಟ್ಟಲೆ ಒಂದೇ ಅಕ್ಷರ ಮೂಡುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ಮುದ್ದೆ ಮುರಿದುಕೊಂಡು ಯೋಚಿಸಿ, "ಅವ್ವಂಗೆ ಕಿವೀಲಿ ಕೇಳ್ಬೇಕು ಕಣೇ, ಕಣ್ಣಲ್ಲಿ ಕಂಡ್ರೆ ನಂಬಲ್ಲ" ಎಂದರು. ಕೆಲವು ದಿನಗಳ ನಂತರ ಬೆಂಗಳೂರಿನ ಹಳೇ ಸಾಮಾನಿನ ಬೀದಿಯಿಂದ ಗೋಣಿಚೀಲದಲ್ಲಿ ಒಂದು ಕೀಬೋರ್ಡು ಹೊತ್ತು ತಂದರು. ಹೊತ್ತು ಎಂದದ್ದು ಉತ್ಪ್ರೇಕ್ಷೆಯಲ್ಲ, ಕಬ್ಬಿಣದ ತಟ್ಟೆ ಕೂರಿಸಿದ ಆ ವಸ್ತು ನಮ್ಮ ರುಬ್ಬುಗುಂಡಿನಷ್ಟೇ ತೂಕವಿತ್ತು. ಯಾವುದೋ ಆಫೀಸು ಮುಚ್ಚಿದಾಗ ಗುಜರಿಗೆ ಬಂದದ್ದಂತೆ. ಒಂದು ಕೀ ಒತ್ತಿದೆ. ಟಕ್. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ. ಒಳಗೇನಿದೆಯೋ ನೋಡಿಯೇಬಿಡೋಣ ಎಂದು ಚಮಚದಿಂದ ಒಂದನ್ನು ಮೀಟಿ ಎತ್ತಿದರೆ, ಪೆನ್ನಿನೊಳಗೆ ಇರುವಂಥ ಒಂದು ಸ್ಪ್ರಿಂಗು. ಅದನ್ನು ಒತ್ತಿದರೆ ಅಷ್ಟು ದೂರ ನೆಟ್ಟಗೆ ಹೋಗಿ ತಟ್ಟನೆ ಸೊಂಟ ಬಾಗಿಸುತ್ತದೆ, ಬಾಗಿದ ಗಳಿಗೆಯಲ್ಲೇ ಸದ್ದು ಬರುತ್ತದೆ. ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಗಂಟಲು ಹೇಗೆ ಬಂತು ಎಂದು ಮಧ್ಯಾಹ್ನವೆಲ್ಲ ಅದನ್ನೇ ಒತ್ತುತ್ತ ಕೂತಿದ್ದೆ. ಸಾರಿಗೆ ಉಪ್ಪು ಹಾಕುವುದು ಮರೆತಿತ್ತು.

ಆದರೆ ಅದರ ಮೇಲಿನ ಕೀಗಳಲ್ಲಿ ಅರ್ಧಕ್ಕರ್ಧ ಇರಲೇ ಇಲ್ಲ, ಬರೀ ಬೋಳು ಮೊಳೆಗಳು. ಅದಕ್ಕೂ ದಾರಿ ಸಿಕ್ಕಿತು. ತವರಿನ ಪಕ್ಕದ ಮನೆಯಲ್ಲಿ ಬೊಂಬೆ ಕಡೆಯುವ ರಹಮತ್ ಸಾಬರಿಗೆ ಅಳತೆ ಕೊಟ್ಟು, ಹಳೆಯ ಟೈಪ್‌ರೈಟರಿನ ಹಾಗೆ ದುಂಡಗೆ ಕಡೆದುಕೊಡಿ ಎಂದೆ. ಅವರು ಅಳತೆಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಚಕ್ರ ಬೇಡ್ವಾ ಬೇಟಿ? ಎಳೆಯಾಕೆ ದಾರ?" ಎಂದು ಕೇಳಿದರು. ಎರಡೂ ಬೇಡವೆಂದದ್ದಕ್ಕೆ, ಇದೆಂಥ ಆಟದ ಸಾಮಾನು ಎಂದು ಅವರಿಗೆ ಬೇಸರವೇ ಆಯಿತು. ಆದರೂ ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ, ಕೆಂಪು, ಹಳದಿ, ಹಸಿರು ಗುಂಡಿಗಳನ್ನು ಫಳಫಳ ಹೊಳೆಸಿ ಕೊಟ್ಟರು. ಅವುಗಳ ಮೇಲೆ ಅಕ್ಷರವಿರಲಿಲ್ಲ. ಟೈಪಿಂಗ್ ಕಲಿತವಳಿಗೆ ಬೆರಳೇ ಕಣ್ಣಾದ್ದರಿಂದ ನನಗೆ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಇವರಿಗೆ, ಅಂದಿನಿಂದ ಕಂಪ್ಯೂಟರು ಮುಟ್ಟಲಿಲ್ಲ. ಓದು ಬಾರದ ನಮ್ಮ ಅತ್ತೆ ಮಾತ್ರ ಆ ಬಣ್ಣದ ಸಾಲುಗಳ ಮೇಲೆ ಕೈಯಾಡಿಸಿ, "ಇದು ಚೆಂದಾಗೈತೆ" ಎಂದರು. ಮರದ ಗುಂಡಿಯಿಂದ ಸದ್ದು ಇನ್ನೂ ಒಂದು ಪಟ್ಟು ಹೆಚ್ಚಾಗಿತ್ತು.

ಮೊದಲ ದಿನ ನಾನು ಟಕಟಕ ಶುರುಮಾಡಿದಾಗ ಅತ್ತೆ ನಡುಮನೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಸದ್ದು ಕೇಳಿದ್ದೇ ಕೈ ನಿಂತಿತು. ಬಾಗಿಲಿಗೆ ಬಂದು ತಲೆ ಓರೆ ಮಾಡಿ ಆಲಿಸಿದರು. ಆಮೇಲೆ ಬಾಗಿಲನ್ನು ಮೆಲ್ಲಗೆ, ಎಷ್ಟು ಮೆಲ್ಲಗೆ ಎಂದರೆ ನನಗೇ ಕೇಳಿಸದಷ್ಟು ಮೆಲ್ಲಗೆ, ಮುಂದಕ್ಕೆ ಎಳೆದುಕೊಂಡರು. ಅವರ ತಲೆಯಲ್ಲಿ ಏನು ನಡೆಯಿತೆಂದು ನನಗೆ ತಿಳಿದದ್ದು ತರಕಾರಿಯವನು ಬಂದಾಗ. ಅವನು ಬೀದಿಯಲ್ಲಿ ಕೂಗು ಹಾಕಿದ. ಅತ್ತೆ ಜಗುಲಿಯಿಂದಲೇ, "ಒಸಿ ಮೆತ್ತಗೆ ಕೂಗಪ್ಪ, ಒಳಗೆ ಮೇಯ್ತಾ ಐತೆ" ಎಂದರು. ಅಂದಿನಿಂದ ದಿನಾ ಅವನಿಗೆ ಅದೇ ಮಾತು.

ರೇಷ್ಮೆಹುಳುಗಳು ದೊಡ್ಡವಾದ ಮೇಲೆ ಸೊಪ್ಪು ಮೇಯುವ ಸದ್ದನ್ನು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಸೋನೆಮಳೆ ಹಿಡಿದಂತೆ ಮನೆಯೆಲ್ಲ ಸರಸರ. ಆ ಸದ್ದು ಇರುವಷ್ಟು ಹೊತ್ತು ಮನೆಯಲ್ಲಿ ಒಗ್ಗರಣೆಯ ಘಾಟು ಏಳಿಸುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನನಗೂ ಅದೇ ಮರ್ಯಾದೆ ಸಿಕ್ಕಿತು. ಸೊಪ್ಪಿಲ್ಲ, ಹುರುಳಿಯಿಲ್ಲ, ಸೂಜಿಯಿಲ್ಲ. ಕೋಣೆಯಲ್ಲಿ ರಾಣಿಯಂತೆ ಕೂತು, ಗೆದ್ದೆ ಎಂದುಕೊಂಡೆ. ಆದರೆ ಭಾಷಾಂತರದ ಕೆಲಸದಲ್ಲಿ ಬಡಿಯುವುದಕ್ಕಿಂತ ಯೋಚಿಸುವುದೇ ಹೆಚ್ಚು ಎಂಬುದನ್ನು ಮರೆತಿದ್ದೆ. ಒಂದು ಪದ ಸಿಗದೆ ಕೈ ನಿಂತರೆ ಸಾಕು, ಬಾಗಿಲು ತೆರೆದು ಕಾಫಿ ಒಳಗೆ ಬರುತ್ತಿತ್ತು. ಮತ್ತೊಮ್ಮೆ ನಿಂತರೆ ನಿಪ್ಪಟ್ಟು. ಆಮೇಲೆ ಬಾಳೆಹಣ್ಣು. ಯಾಕೆ ಅತ್ತೆ ಎಂದು ಕೇಳಿದೆ.

"ಸದ್ದು ನಿಂತೋಯ್ತಲ್ಲ. ಸೊಪ್ಪು ಮುಗ್ದಿರ್ಬೇಕು ಅನ್ಕಂಡೆ."

ಹುಳುಗಳು ಪೊರೆ ಕಳಚುವಾಗ ಮೇವು ಬಿಟ್ಟು ಸುಮ್ಮನೆ ಕೂರುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಆಗ ಯಾರೂ ಅವನ್ನು ಕೆಣಕುವುದಿಲ್ಲ. ನಾನು ಜಾಣತನದಿಂದ ಅದನ್ನೇ ಹಿಡಿದೆ. "ಅತ್ತೆ, ನಾನು ಯೋಚನೆ ಮಾಡ್ತಿರ್ತೀನಿ. ಸದ್ದು ನಿಂತ್ರೆ ಜ್ವರಕ್ಕೆ ಕೂತಿದೀನಿ ಅಂದ್ಕೊಂಡು ಬಿಟ್ಬಿಡಿ."

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. "ಹುಳ ಜ್ವರಕ್ಕೆ ಕುಂತ್ರೆ ಒಂದಿನ ಕುಂತ್ಕತದೆ. ನಿಂಗೆ ಗಳಿಗೆಗೊಂದು ಜ್ವರ ಬತ್ತದಾ? ಮೊದ್ಲು ನಿಪ್ಪಟ್ಟು ತಿನ್ನು."

ಪ್ರೀತಿಯನ್ನು ಎದುರಿಸುವುದು ಹುರುಳಿಕಾಳನ್ನು ಎದುರಿಸಿದಷ್ಟು ಸುಲಭವಲ್ಲ. ರವಿಕೆಗಳು ಬಿಗಿಯಾಗತೊಡಗಿದವು. ಕೆಲಸ ಒಂದು ಸಾಲು ಮುಂದೆ ಹೋದರೆ ಎರಡು ತಿಂಡಿ ಒಳಗೆ ಹೋಗುತ್ತಿತ್ತು. ಕೊನೆಗೆ ನಾನು ಕಂಡುಕೊಂಡ ಉಪಾಯವೆಂದರೆ, ಯೋಚಿಸುವಾಗಲೂ ಕೈ ನಿಲ್ಲಿಸದಿರುವುದು. ಬಾಯಿಗೆ ಬಂದದ್ದನ್ನು, ಅಲ್ಲ, ಕಿವಿಗೆ ಬಿದ್ದದ್ದನ್ನು ಬಡಿಯುವುದು. ಕಿವಿಗೆ ಬೀಳುತ್ತಿದ್ದದ್ದೋ ಜಗುಲಿಯ ಮೇಲಿನ ಅತ್ತೆಯ ಮಾತು. ಅವರು ತರಕಾರಿಯವನ ಜೊತೆ, ಹಿಂದಿನ ಮನೆಯವರ ಜೊತೆ, ಬೆಕ್ಕಿನ ಜೊತೆ ಆಡಿದ್ದೆಲ್ಲ ನನ್ನ ಬೆರಳಿನಿಂದ ಪರದೆಗೆ ಇಳಿಯುತ್ತಿತ್ತು. ನಡುವೆ ಪದ ಹೊಳೆದರೆ ನಿಯಮದ ಸಾಲು, ಹೊಳೆಯದಿದ್ದರೆ ಅತ್ತೆಯ ಸಾಲು. ಕಳಿಸುವ ಮುಂಚೆ ಅತ್ತೆಯನ್ನೆಲ್ಲ ಅಳಿಸಿದರಾಯಿತು ಎಂದುಕೊಂಡಿದ್ದೆ. ಅಳಿಸಿದೆ ಕೂಡ. ಆದರೆ ಅವತ್ತು ಬೆಳಗ್ಗೆ ಇವರು ಶಿಫ್ಟಿನ ಬಸ್ಸಿಗೆ ಹೊರಟು ಫ್ಲಾಪಿಗಾಗಿ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ಕರೆಂಟು ಬೇರೆ ಕಣ್ಣು ಮಿಟುಕಿಸುತ್ತಿತ್ತು. ಅಳಿಸಿದಷ್ಟು ಅಳಿಸಿ ಕೊಟ್ಟು ಕಳಿಸಿದೆ.

ಮುಂದಿನ ವಾರ ಇವರು ಮನೆಗೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. "ಬೋರ್ಡು ಬರೆಸಿ ಹಾಕವ್ರೆ. ಜನ ಗುಂಪು ಸೇರ್ಕಂಡು ಓದ್ತಾ ಅವ್ರೆ" ಎಂದರು. ಸಂತೋಷವಾಯಿತು. ಆಮೇಲೆ ಇವರು ಜೇಬಿನಿಂದ ಒಂದು ಚೀಟಿ ತೆಗೆದು ಓದಿದರು.

"ಬಿಡಿಭಾಗಗಳನ್ನು ಜೋಡಿಸುವ ಮುನ್ನ ಪ್ರತಿಯೊಂದನ್ನೂ ಪರೀಕ್ಷಿಸತಕ್ಕದ್ದು. ಮೇಲೆಲ್ಲ ಹೊಳೀತದೆ, ಒಳಗೆ ಬರೀ ಹುಳ ಕಣಪ್ಪ."

ಅದು ತರಕಾರಿಯವನ ಬದನೆಕಾಯಿಗೆ ಹೇಳಿದ ಮಾತು.

"ಬೆಂಕಿ ಅನಾಹುತ ಸಂಭವಿಸಿದಲ್ಲಿ ಗಾಬರಿಗೊಳ್ಳದೆ ಹೊರಬಾಗಿಲಿನತ್ತ ಸಾಗತಕ್ಕದ್ದು. ಒಸಿ ಮೆತ್ತಗೆ ಕೂಗಪ್ಪ, ಒಳಗೆ ಮೇಯ್ತಾ ಐತೆ."

ಇವರು ನಗಲೂ ಇಲ್ಲ, ಬೈಯಲೂ ಇಲ್ಲ. "ನಾಳೆ ಆಫೀಸರು ಫೋನ್ ಮಾಡ್ತಾರಂತೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕೆಲಸ ಹೋದದ್ದು ಖಾತ್ರಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನಿಂದ ಇವರ ತಲೆ ತಗ್ಗಿತಲ್ಲ ಎಂದು ಸಂಕಟವಾಯಿತು.

ಫೋನು ಬಂತು. ಆಫೀಸರು ಬೇರೆ ರಾಜ್ಯದವರು, ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿಯೇ ಬೋರ್ಡು ಅವರ ಕಣ್ಣು ತಪ್ಪಿಸಿಕೊಂಡಿತ್ತು. ಜನ ಗುಂಪು ಸೇರಿದ್ದು ಕಂಡ ಮೇಲೆ ಹುಡುಗರಿಂದ ಓದಿಸಿ ಕೇಳಿದ್ದರಂತೆ. ನಾನು ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದು ಅರ್ಧ ಹೊರಬರುವಷ್ಟರಲ್ಲಿ ಅವರು ತಡೆದರು.

"ಮೇಡಂ, ಇದರಲ್ಲಿ ನಡುನಡುವೆ ಮಾತಾಡ್ತಾರಲ್ಲ, ಆ ಹೆಂಗಸು ಯಾರು?"

"ನಮ್ಮ ಅತ್ತೆ ಸಾರ್."

"ನೋಡಿ, ನಾನು ಎಷ್ಟೋ ಬೋರ್ಡ್ ಹಾಕಿಸಿದೀನಿ. ಒಬ್ಬನೂ ನಿಂತು ಓದಿಲ್ಲ. ಇದನ್ನ ಕೊನೇವರೆಗೂ ಓದ್ತಾರೆ, ಅವರು ಮತ್ತೆ ಎಲ್ಲಿ ಬರ್ತಾರೆ ಅಂತ ಹುಡುಕ್ತಾರೆ. ಪಾರ್ಟ್ ಚೆಕ್ ಮಾಡುವಾಗ ಹುಡುಗರು 'ಒಳಗೆ ಹುಳ ಐತಾ ನೋಡು' ಅಂತಾರೆ. ಬಾಕಿ ಎಲ್ಲ ಬೋರ್ಡ್ ನೀವೇ ಮಾಡಿ. ಆದರೆ ಪ್ರತಿ ಬೋರ್ಡಲ್ಲೂ ಅವರು ಇರಬೇಕು."

ನಾನು ಅಡುಗೆಮನೆಗೆ ಓಡಿಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂಜೆ ಇವರು ಬಂದು, "ಅವ್ವ, ನೀನೀಗ ಫ್ಯಾಕ್ಟ್ರಿ ಗೋಡೆ ಮೇಲಿದ್ದೀಯ, ಊರೋರೆಲ್ಲ ಓದ್ತಾವ್ರೆ" ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ ಶಿವನೇ. ಬದ್ನೆಕಾಯ್ಗೆ ಹೇಳಿದ್ದು ಗೋಡೆಗ್ ಹೋಯ್ತಾ? ಇನ್ಮೇಕೆ ನಾನು ಬಾಯೇ ಬುಡಾಕಿಲ್ಲ."

ಹಟ ಹಿಡಿದರೆ ಅವರು ಹಿಡಿದದ್ದೇ. ಮರುದಿನ ನಾನು ಕೋಣೆಯಲ್ಲಿ ಟಕ್ ಎನಿಸಿದ್ದೇ ಜಗುಲಿ ಮೌನವಾಯಿತು. ತರಕಾರಿಯವನೊಡನೆ ಕೈಸನ್ನೆಯಲ್ಲಿ ವ್ಯಾಪಾರ. ಬೆಕ್ಕಿಗೂ ಮಾತಿಲ್ಲ. ಆ ಮನೆಯಲ್ಲಿ ನನ್ನ ಸದ್ದು ಒಂದೇ ಉಳಿಯಿತು, ಅದನ್ನು ಕೇಳಿ ಕೇಳಿ ನನಗೇ ಬೇಸರ ಬಂತು. ಬೋರ್ಡಿನ ಚಿಂತೆ ಒಂದು ಕಡೆಯಾದರೆ, ನಿಜ ಹೇಳುತ್ತೇನೆ, ಆ ದನಿಯಿಲ್ಲದೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ನಾನೇ ಒಂದೆರಡು ಅತ್ತೆಯ ಮಾತುಗಳನ್ನು ಕಟ್ಟಿ ಬರೆದು ನೋಡಿದೆ. ಇವರು ಓದಿ, "ಇದು ಅವ್ವ ಅಲ್ಲ, ಟೀಚರು" ಎಂದು ಪಕ್ಕಕ್ಕಿಟ್ಟರು.

ಕೈ ನಿಲ್ಲಿಸಿ ಕಾದು ನೋಡಿದೆ. ಸದ್ದು ನಿಂತರೆ ಅತ್ತೆ ಈಗಲೂ ಒಳಗೆ ಬರುತ್ತಾರೆ, ಬಂದು ಏನಾದರೊಂದು ಮಾತು ಆಡಿಯೇ ಆಡುತ್ತಾರೆ. ಆದರೆ ಆ ಮಾತನ್ನು ಹಿಡಿಯೋಣವೆಂದು ಬೆರಳು ಊರಿದರೆ ಹಾಳು ಗುಂಡಿ ಟಕ್ ಎನ್ನುತ್ತದೆ, ಅತ್ತೆ ತುಟಿ ಬಿಗಿದುಕೊಂಡು ತಟ್ಟೆ ಇಟ್ಟು ಹೊರಟುಬಿಡುತ್ತಾರೆ.

ಹೀಗಾಗಿ ಈಗ ಬೆಳಗಾದರೆ ನಾನೇ ಮೊರ ಹುಡುಕಿಕೊಂಡು ಜಗುಲಿಗೆ ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ. ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತ, ಕಿವಿಯನ್ನೆಲ್ಲ ಅವರ ಕಡೆಗೇ ಇಟ್ಟು, ಮುಂದಿನ ಬೋರ್ಡಿಗೆ ಒಂದು ಮಾತು ಬೀಳಲಿ ಎಂದು ಕಾಯುತ್ತೇನೆ. ನಿನ್ನೆಯೂ ಹಾಗೆಯೇ ಕೂತಿದ್ದೆ. ಅತ್ತೆ ಬಹಳ ಹೊತ್ತು ನನ್ನನ್ನು ಓರೆಗಣ್ಣಿನಿಂದ ನೋಡಿದರು. ಆಮೇಲೆ ನನ್ನ ಕೈಯಿಂದ ಮೊರ ಕಿತ್ತುಕೊಂಡು ಹೇಳಿದರು:

"ಏನಮ್ಮಿ, ಹೊತ್ತುಟ್ಟಿದಾಗ್ಲಿಂದ ಕೆಲ್ಸ ಬುಟ್ಟು ಇಲ್ಲಿ ಕಾಳು ಆರಿಸ್ಕಂಡು ಕುಂತಿದ್ದೀಯ? ಹೋಗು, ಒಳಕ್ಕೋಗಿ ಒಸಿ ಸದ್ದು ಮಾಡು."