ಕಟಿಂಗ್ ಮಾಸ್ಟರ್‌ಗೆ ಹತ್ತು ವರ್ಷದ ಕಾಂಟ್ರಾಕ್ಟ್

ಅಮೆರಿಕದಲ್ಲಿ ಅಂಗಡಿ ಇಡುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಗಂಡನ ಅಕ್ಕ. "ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು! ಬಾಗಿಲ ಮೇಲೆ ಓಪನ್ ಅಂತ ಹಾಕಿದೆಯೋ ಕ್ಲೋಸ್ಡ್ ಅಂತ ಹಾಕಿದೆಯೋ, ಇವಳಿಗೆ ಯಾರು ಓದಿ ಹೇಳ್ತಾರೆ?" ಎಂದರು. ಆಮೇಲೆ ಬ್ಯಾಂಕಿನವರೂ ಅದನ್ನೇ ಹೇಳಿದರು. ಅವರು ನಗಲಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾ ಎಂಬ ಊರಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟೆ. ಇಂಗ್ಲಿಷ್ ಕಲಿಸಿದ್ದು ಪಕ್ಕದ ಮಿಠಾಯಿ ಅಂಗಡಿಯವರು ಓದಿ ಬಿಸಾಕುತ್ತಿದ್ದ ಪೇಪರು. ಮೊದಲ ಪುಟ ಓದಲು ಹೋದರೆ ಸಾಲಿಗೆ ನಾಲ್ಕು ಸಲ ಡಿಕ್ಷನರಿ ತೆಗೆಯಬೇಕಿತ್ತು. ಆಟದ ಪುಟ ಹಾಗಲ್ಲ. ಯಾರು ಗೆದ್ದರು, ಯಾರು ಸೋತರು, ಯಾರಿಗೆ ಎಷ್ಟು ಕೊಟ್ಟರು, ಅಷ್ಟೇ. ಹೀಗೆ ನನಗೆ ಬಂದದ್ದು ಬೇಸ್‌ಬಾಲ್ ಇಂಗ್ಲಿಷ್. ಅದರಲ್ಲೂ ಕಾಂಟ್ರಾಕ್ಟಿನ ಸುದ್ದಿ ಎಂದರೆ ಒಂದಕ್ಷರ ಬಿಡದೆ ಓದುತ್ತೇನೆ. ಅದಕ್ಕೇ ಇರಬೇಕು, ನನ್ನ ಅಂಗಡಿಯಲ್ಲಿ ಯಾರು ಯಾವ ಮಾತು ತೆಗೆದರೂ ಅದು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಹತ್ತರಲ್ಲಿ ಮೂರು

ನನ್ನ ಕಟಿಂಗ್ ಮಾಸ್ಟರ್ ಬೆಂಗಳೂರಿನ ಶಿವಾಜಿನಗರದವರು. ಹದಿನಾಲ್ಕನೇ ವಯಸ್ಸಿಗೆ ಕತ್ತರಿ ಹಿಡಿದವರು, ಮಗಳು ಇಲ್ಲಿಗೆ ಕರೆಸಿಕೊಂಡ ಮೇಲೂ ಕೆಳಗಿಡಲಿಲ್ಲ. ಗಿರಾಕಿ ಬಾಗಿಲು ದಾಟಿ ಕೌಂಟರಿಗೆ ಬರುವಷ್ಟರಲ್ಲಿ ಅವರ ಕಣ್ಣು ಅಳತೆ ತೆಗೆದು ಮುಗಿಸಿರುತ್ತದೆ. ಆಮೇಲೆ ಟೇಪು ಹಿಡಿಯುವುದು ಬರೀ ಮರ್ಯಾದೆಗೆ. ಮೊದಲ ವರ್ಷ ನಾನು ಅವರ ಸೀಮೆಸುಣ್ಣದ ಗೆರೆಯನ್ನು ಕದ್ದು ಅಳೆಯುತ್ತಿದ್ದೆ, ತಪ್ಪು ಹಿಡಿಯೋಣ ಎಂದು. ಒಂದು ಸಲವೂ ಸಿಗಲಿಲ್ಲ. ಅವರು ಕತ್ತರಿ ಹಾಕುವುದನ್ನು ನೋಡಿದರೆ ಈಗಲೂ ನನ್ನ ಬಾಯಿ ಮುಚ್ಚುತ್ತದೆ, ಮತ್ತು ಅದು ಸುಲಭಕ್ಕೆ ಮುಚ್ಚುವ ಬಾಯಿಯಲ್ಲ.

ಎರಡು ಸಾವಿರದ ಇಪ್ಪತ್ತರ ಬೇಸಿಗೆ. ಮದುವೆ ಇಲ್ಲ, ಮುಂಜಿ ಇಲ್ಲ. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಸ್ಕ್ ಹೊಲಿಯುತ್ತಾ ಕೂತಿದ್ದೆವು. ಆಟದ ಮೈದಾನದಲ್ಲೂ ಜನ ಇಲ್ಲ, ಕುರ್ಚಿಗಳ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಮುಖಗಳು. ಅಂಥ ಹೊತ್ತಿನಲ್ಲಿ ನಮ್ಮ ಲಾಸ್ ಏಂಜಲೀಸ್ ತಂಡ ಒಬ್ಬ ಆಟಗಾರನಿಗೆ ಹನ್ನೆರಡು ವರ್ಷದ ಕಾಂಟ್ರಾಕ್ಟ್ ಕೊಟ್ಟಿದೆ ಎಂದು ಓದಿದೆ. ಮೊತ್ತವನ್ನು ಕಟಿಂಗ್ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಮಾಸ್ಟರ್ ಕತ್ತರಿ ಪಕ್ಕಕ್ಕಿಟ್ಟು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿದರು.

"ಇಷ್ಟು ದುಡ್ಡಿಗೆ ಬಂದ ಚೆಂಡೆಲ್ಲ ಹೊಡೀತಾನಾ ಮೇಡಂ?"

"ಎಲ್ಲಾದ್ರೂ ಉಂಟೇ ಮಾಸ್ಟರ್? ಹತ್ತು ಸಲ ನಿಂತರೆ ಮೂರು ಸಲ ಸರಿಯಾಗಿ ಹೊಡೆದವನು ದೊಡ್ಡ ಸ್ಟಾರ್."

ಮಾಸ್ಟರ್ ಆ ಸೊನ್ನೆಗಳನ್ನು ಅಂಗೈಯಲ್ಲಿ ಒರೆಸಿಹಾಕಿದರು. "ಹತ್ತು ಬ್ಲೌಸಲ್ಲಿ ಏಳು ಕೆಡಿಸಿದವನಿಗೆ ಹನ್ನೆರಡು ವರ್ಷ! ನಾನು ಒಂದು ತೋಳು ಅರ್ಧ ಇಂಚು ಬಿಗಿ ಮಾಡಿದ್ದಕ್ಕೆ ಆ ಆಂಟಿ ಇವತ್ತಿಗೂ ದೇವಸ್ಥಾನದಲ್ಲಿ ಹೇಳ್ಕೊಂಡು ತಿರುಗ್ತಾರೆ."

ಲಗ್ನದ ಅಳತೆ

ಮುಂದಿನ ವರ್ಷ ಸ್ಯಾನ್ ಡಿಯೇಗೊ ತಂಡದವರು ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬನಿಗೆ ಹದಿನಾಲ್ಕು ವರ್ಷ ಬರೆದುಕೊಟ್ಟರು. ಆ ಊರಿಂದ ನಮಗೆ ಒಬ್ಬ ಖಾಯಂ ಗಿರಾಕಿ ಇದ್ದಾರೆ, ಹುಬ್ಬಳ್ಳಿ ಕಡೆಯವರು, ಗಂಡ ಇಂಜಿನಿಯರು. ಎರಡು ಗಂಟೆ ಡ್ರೈವ್ ಮಾಡಿಕೊಂಡು ಮಾಸ್ಟರ್ ಕೈಯ ಬ್ಲೌಸಿಗೇ ಬರುತ್ತಾರೆ. ಅಂದು ಕ್ಯಾಲಬಾಸಸ್ ಊರಿನ ದೇವಸ್ಥಾನ ಮುಗಿಸಿ ರೇಷ್ಮೆ ಸೀರೆಯಲ್ಲೇ ಬಂದವರು, ಕೂರುವ ಮೊದಲೇ ಶುರು ಮಾಡಿದರು.

"ಅಲ್ರೀ ಅಕ್ಕಾರ, ನಮ್ಮೂರ ಟೀಮಿನವ್ರಿಗೆ ತಲಿ ಕೆಟ್ಟೈತೇನ್ರಿ? ಹದಿನಾಕ ವರ್ಷ! ನಾಳೆ ಭುಜ ಮುರೀತಂದ್ರ? ಮೊಣಕಾಲ ಹೋತಂದ್ರ? ಆಡ್ಲಿ ಬಿಡ್ಲಿ, ರೊಕ್ಕ ಮಾತ್ರ ಕೊಡಬೇಕಂತ. ಯಾರನ್ನೂ ಇಷ್ಟು ವರ್ಷ ಕಟ್ಟಿ ಹಾಕ್ಕೋಬಾರದ್ರಿ. ಮನಷ್ಯಾ ಇದ್ದಾಂಗ ಇರತಾನೇನ್ರಿ?"

ನಾನು ವಾದಕ್ಕೆ ಇಳಿದೆ. ಅಷ್ಟು ದೊಡ್ಡ ಆಟಗಾರ ಬೇಕೆಂದರೆ ಬೇರೆ ದಾರಿ ಎಲ್ಲಿದೆ, ನೀವು ಬರೆದುಕೊಡದಿದ್ದರೆ ಪಕ್ಕದ ಊರಿನವರು ಬರೆದುಕೊಡುತ್ತಾರೆ ಎಂದೆ. ಅವರು ಒಪ್ಪಲಿಲ್ಲ. ವಾದ ಮಾಡುತ್ತಲೇ ಹೊಸ ಬ್ಲೌಸ್ ಪೀಸು ಮತ್ತು ಅಳತೆಗೆಂದು ಒಂದು ಹಳೇ ಬ್ಲೌಸು ಮುಂದಿಟ್ಟರು. ಮಾಸ್ಟರ್ ಆ ಹಳೇ ಬ್ಲೌಸನ್ನು ಎತ್ತಿ ನೋಡಿದರು, ಅವರನ್ನು ನೋಡಿದರು, ಮತ್ತೆ ಬ್ಲೌಸನ್ನು ನೋಡಿದರು.

"ಇದು ಯಾವಾಗಿನ ಅಳತೆ ಅಮ್ಮಾ?"

"ನಮ್ಮ ಲಗ್ನದ್ದು ರೀ. ಹದಿನಾಕ ವರ್ಷ ಆತು."

"ಇದು ಇನ್ನೂ ನಡೆಯತ್ತೆ ಅಂತ ನೀವು ನಂಬಿದ್ದೀರಿ. ಪಾಪ, ಟೀಮಿನವರು ನಂಬಿದ್ದರಲ್ಲಿ ಏನು ತಪ್ಪು?"

ಆಕೆ ಬಿದ್ದು ಬಿದ್ದು ನಕ್ಕರು. ನಕ್ಕ ರಭಸಕ್ಕೆ ಉಟ್ಟ ಸೀರೆಯ ಬ್ಲೌಸಿನ ಹುಕ್ಕೊಂದು ಹಾರಿ ಟಣ್ಣೆಂದು ನನ್ನ ಕೌಂಟರಿನ ಮೇಲೆ ಬಿತ್ತು. ಮಾಸ್ಟರ್ ಅದನ್ನು ಎತ್ತಿ ಅವರ ಕೈಗೇ ಕೊಟ್ಟು, "ಭುಜ ಅಲ್ಲ, ಮೊದಲು ಹೋಗೋದು ಹುಕ್ಕು" ಎಂದರು.

ಕಳೆದುಹೋದ ಚೆಂಡು

ಮೈದಾನಕ್ಕೆ ಜನರನ್ನು ಮತ್ತೆ ಬಿಡಲು ಶುರುಮಾಡಿದ ಮೇಲೆ, ತಮ್ಮ ಮಗಳ ಲೆಹಂಗಾ ಸಮಯಕ್ಕೆ ಸರಿಯಾಗಿ ಕೊಟ್ಟೆವೆಂದು ಗಿರಾಕಿಯೊಬ್ಬರು ಎರಡು ಟಿಕೆಟ್ ಕೊಟ್ಟರು. ಲಾಸ್ ಏಂಜಲೀಸಿನಲ್ಲೇ, ಸ್ಯಾನ್ ಡಿಯೇಗೊ ವಿರುದ್ಧದ ಆಟ. ಅಷ್ಟು ವರ್ಷ ಓದಿದ್ದೆನಲ್ಲ, ಎಲ್ಲ ಗೊತ್ತು ಎಂದುಕೊಂಡಿದ್ದೆ. ಮೆಟ್ಟಿಲು ಹತ್ತಿ ಆ ಹಸಿರು ಕಂಡಾಗ ಗೊತ್ತಾಯಿತು, ಪೇಪರಿನಲ್ಲಿ ಬಣ್ಣವೂ ಇರುವುದಿಲ್ಲ, ಸದ್ದೂ ಇರುವುದಿಲ್ಲ. ಐವತ್ತು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದರೆ ಅದೂ ಕೇಳಿಸುತ್ತದೆ.

ಮಾಸ್ಟರ್ ಮೊದಲ ಒಂದು ಗಂಟೆ ಆಟ ನೋಡಲಿಲ್ಲ, ಆಟಗಾರರ ಪ್ಯಾಂಟು ನೋಡಿದರು. "ಇಷ್ಟು ಬಿಗಿ ಇಟ್ಟು, ಜಾರಿಬಿದ್ದರೂ ಹರಿಯದ ಹಾಗೆ ಹೊಲಿದಿದ್ದಾನಲ್ಲ, ಆ ಟೈಲರ್‌ಗೆ ಎಷ್ಟು ವರ್ಷದ ಕಾಂಟ್ರಾಕ್ಟ್?" ಎಂದು ಕೇಳಿದರು. ಅದು ಯಾವ ಪೇಪರಿನಲ್ಲೂ ಬಂದಿರಲಿಲ್ಲ.

ನಮ್ಮ ಕೋಟಿಗಟ್ಟಲೆಯ ಸ್ಟಾರ್ ಮೂರು ಸಲ ಬಂದ, ಮೂರು ಸಲವೂ ಹೊಡೆಯದೆ ತಲೆ ತಗ್ಗಿಸಿ ವಾಪಸ್ ಹೋದ. ನನಗೇ ಅವಮಾನವಾಯಿತು, ದುಡ್ಡು ನಾನು ಕೊಟ್ಟಂತೆ. ನಾಲ್ಕನೇ ಸಲ ಬಂದಾಗ ಒಂದು ಸದ್ದು. ಒಣ ತೆಂಗಿನಕಾಯಿ ಒಂದೇ ಏಟಿಗೆ ಒಡೆದಂಥ ಸದ್ದು. ಚೆಂಡು ಏರಿತು, ಏರುತ್ತಲೇ ಹೋಯಿತು, ದೀಪಗಳನ್ನೂ ದಾಟಿ ಎಲ್ಲೋ ಜನರ ನಡುವೆ ಮಾಯವಾಯಿತು. ಗುರುತಿಲ್ಲದ ಮುದುಕನೊಬ್ಬ ಅಳುತ್ತಾ ನನ್ನನ್ನು ತಬ್ಬಿಕೊಂಡ. ನಾನೂ ಅಳುತ್ತಿದ್ದೆ, ಯಾಕೆಂದು ಕೇಳಬೇಡಿ. ದುಡ್ಡು ದಂಡವಾಯಿತೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಆ ಚೆಂಡಿನ ಜೊತೆಗೇ ಹೋಯಿತು. ಮನುಷ್ಯನ ಕೈಯಿಂದ ಅಂಥದ್ದೊಂದು ಆಗುತ್ತದೆ ಎಂದು ನೋಡಲು ಜನ ಏನು ಬೇಕಾದರೂ ಕೊಟ್ಟಾರು.

ಮಾಸ್ಟರ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತಿದ್ದರು. ಎಲ್ಲರೂ ಕೂತ ಮೇಲೂ ನಿಂತೇ ಇದ್ದರು. ಕೊನೆಗೆ ಮೆಲ್ಲಗೆ ಬಗ್ಗಿ ಕೇಳಿದರು: "ಮೇಡಂ, ಆ ಚೆಂಡಿನ ದುಡ್ಡು ಅವನ ಸಂಬಳದಲ್ಲಿ ಹಿಡ್ಕೊಳ್ಳಲ್ವಾ?"

ಏಜೆಂಟ್

ಕೆಲವು ವರ್ಷ ಕಳೆದವು. ಒಂದು ಸೋಮವಾರ ಮಾಸ್ಟರ್ ಅಂಗಡಿಗೆ ಬಂದು ಕತ್ತರಿ ಎತ್ತಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು, "ಸ್ಯಾನ್ ಡಿಯೇಗೊದಲ್ಲಿ ಬ್ಲೌಸಿನ ಅಂಗಡಿ ಆಗ್ತಿದೆ ಮೇಡಂ. ನನ್ನ ಕರೀತಿದ್ದಾರೆ" ಎಂದರು.

"ಯಾರದು?"

ನೆಲ ನೋಡಿದರು. "ಹುಕ್ಕಿನವರು."

ಹುಬ್ಬಳ್ಳಿಯಾಕೆ! ಅಷ್ಟು ವರ್ಷ ಬಂದು ಬಂದು, ಯಾರನ್ನೂ ಕಟ್ಟಿ ಹಾಕಿಕೊಳ್ಳಬಾರದು ಎಂದು ನನಗೆ ಉಪದೇಶ ಮಾಡಿದ್ದು! ಫೋನ್ ಮಾಡಿ ಕೇಳಿದರೆ ಆಕೆ ಒಂದಿಷ್ಟೂ ನಾಚಲಿಲ್ಲ. "ನೀವ ಹೇಳಿದ್ರಲ್ರೀ ಅಕ್ಕಾರ, ನೀವು ಬರಕೊಡಲಿಲ್ಲಂದ್ರ ಬಾಜೂ ಊರಾವ್ರು ಬರಕೊಡ್ತಾರ ಅಂತ? ನಾ ಬಾಜೂ ಊರಾಕಿ" ಎಂದರು.

ಮಾಸ್ಟರ್ ಹೋದರೆ ನನ್ನ ಅಂಗಡಿ ಎಂದರೆ ನಾಲ್ಕು ಗೋಡೆ ಮತ್ತು ಒಂದು ಕನ್ನಡಿ. ಇದು ನನಗೂ ಗೊತ್ತು, ಅವರಿಗೂ ಗೊತ್ತು, ಎಲ್ಲಕ್ಕಿಂತ ಹೆಚ್ಚು ಅವರ ಹೆಂಡತಿಗೆ ಗೊತ್ತು. ಆಕೆ ಆ ಸಂಜೆಯೇ ಬಂದು ಕುರ್ಚಿ ಎಳೆದುಕೊಂಡು ಕೂತರು. "ದೊಡ್ಡ ಆಟಗಾರರು ತಾವೇ ಮಾತಾಡಲ್ವಂತೆ. ಏಜೆಂಟ್ ಮಾತಾಡೋದಂತೆ. ನಾನೇ ಏಜೆಂಟ್. ಹತ್ತು ವರ್ಷ."

"ಅಕ್ಕಾ, ಆ ಆಟಗಾರರಿಗೆಲ್ಲ ಇಪ್ಪತ್ತು ಚಿಲ್ಲರೆ ವಯಸ್ಸು. ಮಾಸ್ಟರ್‌ಗೆ ಅರವತ್ತೊಂದು."

"ಅವರು ಓಡಬೇಕು. ಇವರು ನಿಂತಲ್ಲೇ ಕೆಲಸ."

"ಸಹಿಗೆ ಮುಂಚೆ ಟೀಮಿನವರು ಡಾಕ್ಟರ್ ಪರೀಕ್ಷೆ ಮಾಡಿಸ್ತಾರೆ. ನಾನು ಓದಿದ್ದೇನೆ. ಕಣ್ಣು, ಕೈ, ಎಲ್ಲಾ ನೋಡಬೇಕು."

"ಮಾಡ್ಸಿ. ಆದ್ರೆ ನೀವೂ ಮಾಡಿಸ್ಕೊಳ್ಳಿ ಮೇಡಂ. ಹತ್ತು ವರ್ಷ ಸಂಬಳ ಕೊಡೋರು ಇರ್ತಾರೋ ಇಲ್ವೋ, ನಮಗೂ ಗೊತ್ತಾಗ್ಬೇಕಲ್ಲ."

ಆಗ ಮಾಸ್ಟರ್ ಮೊದಲ ಸಲ ಬಾಯಿ ತೆರೆದರು. "ದುಡ್ಡಲ್ಲ ಮೇಡಂ. ಅಲ್ಲಿ ಜಾಸ್ತೀನೇ ಕೊಡ್ತಾರೆ. ಕೈ ನಡುಗೋಕೆ ಶುರುವಾದ ದಿನ 'ನಾಳೆಯಿಂದ ಬರಬೇಡಿ' ಅಂತ ಅನ್ನಿಸ್ಕೋಬಾರದು. ಅಷ್ಟೇ."

ಆ ಮಾಸ್ಕಿನ ವರ್ಷ ಆರು ತಿಂಗಳು ಅವರು ಸಂಬಳ ತೆಗೆದುಕೊಂಡಿರಲಿಲ್ಲ. ಕೊಡಲು ಹೋದರೆ "ಈಗ ಬೇಡ, ಆಮೇಲೆ ನೋಡೋಣ" ಎಂದಿದ್ದರು. ಮೂರು ವರ್ಷದ ಮೇಲೆ ನಮ್ಮ ಊರಿನ ತಂಡದ ಇನ್ನೊಬ್ಬ ಮಹಾ ಸ್ಟಾರ್, ದುಡ್ಡಿನ ಬಹುಪಾಲು ಕಾಂಟ್ರಾಕ್ಟ್ ಮುಗಿದ ಮೇಲೆ ಕೊಟ್ಟರೆ ಸಾಕು ಎಂದು ಸಹಿ ಹಾಕಿದಾಗ ಊರೆಲ್ಲ ಬೆರಗಾಯಿತು. ನಾನೂ ಬೆರಗಾಗಿದ್ದೆ. ನನ್ನದೇ ಟೇಬಲ್ಲಿನ ಮುಂದೆ ನಿಂತಿದ್ದವರು ಆಗ ನೆನಪಾಗಲೇ ಇಲ್ಲ.

"ಹತ್ತು ವರ್ಷ" ಎಂದೆ.

ಏಜೆಂಟ್ ಎದ್ದು ನಿಂತರು. "ಇಷ್ಟು ಬೇಗ ಒಪ್ಪಿದ್ರಾ? ಹದಿನೈದು ಕೇಳ್ಬೇಕಿತ್ತು."

ಒಂದೇ ಒಂದು ಸಾಲು

ಕಾಂಟ್ರಾಕ್ಟನ್ನು ನಾನೇ ಬರೆಯುತ್ತೇನೆ ಎಂದೆ. ಗಿರಾಕಿಯೊಬ್ಬರು ಲಾಯರು, ಬಿಟ್ಟಿಯಾಗಿ ಬರೆದುಕೊಡುತ್ತೇನೆ ಎಂದರು. ಬೇಡ ಎಂದೆ. ಏಳನೇ ಕ್ಲಾಸಿನವಳು ಇಂಗ್ಲಿಷಿನಲ್ಲಿ ಒಂದು ಕಾಂಟ್ರಾಕ್ಟ್ ಬರೆಯುವುದನ್ನು ಲೋಕ ನೋಡಬೇಡವೇ? ಕತ್ತರಿಸಿಟ್ಟ ಹಳೇ ಪೇಪರುಗಳನ್ನೆಲ್ಲ ಹರಡಿಕೊಂಡು ಎರಡು ಭಾನುವಾರ ಕೂತೆ. ಹತ್ತು ವರ್ಷ; ಕೆಲಸ ನಿಧಾನವಾದರೂ ಸಂಬಳ ಇಳಿಯುವಂತಿಲ್ಲ; ಮಾಸ್ಟರನ್ನು ಅವರ ಒಪ್ಪಿಗೆ ಇಲ್ಲದೆ ಜೀನ್ಸ್ ಗಿಡ್ಡ ಮಾಡುವ ಕೆಲಸಕ್ಕೆ ಹಾಕುವಂತಿಲ್ಲ. ಮೂರು ಪುಟ ತುಂಬಿತು. ಬಿಟ್ಟುಹೋದದ್ದು ಏನಾದರೂ ಇದ್ದರೆ ಎಂದು, ಕೊನೆಯಲ್ಲಿ ನನ್ನದೇ ತಲೆಯಿಂದ ಒಂದು ಸಾಲು ಸೇರಿಸಿದೆ: ಇಲ್ಲಿ ಬರೆಯದ ವಿಷಯಗಳಲ್ಲೆಲ್ಲ ದೊಡ್ಡ ಬೇಸ್‌ಬಾಲ್ ಆಟಗಾರರಿಗೆ ಹೇಗೋ, ಮಾಸ್ಟರಿಗೂ ಹಾಗೆಯೇ.

ಆ ಸಾಲನ್ನು ಬಂದ ಗಿರಾಕಿಗಳಿಗೆಲ್ಲ ಓದಿ ಹೇಳಿದೆ. ಏಜೆಂಟ್ ಅದನ್ನು ಮಗಳಿಂದ ಮೂರು ಸಲ ಓದಿಸಿಕೊಂಡು, "ತುಂಬಾ ಚೆನ್ನಾಗಿ ಬರ್ದಿದ್ದೀರ ಮೇಡಂ. ಇದೊಂದು ಸಾಲು ಮಾತ್ರ ಮುಟ್ಟಬೇಡಿ" ಎಂದರು. ನಾನು ಹಿಗ್ಗಿದೆ. ಅಲ್ಲೇ ಅನುಮಾನ ಬರಬೇಕಿತ್ತು.

ವಸಂತ ಕಳೆಯಿತು, ಬೇಸಿಗೆ ಕಳೆಯಿತು, ಮಾಸ್ಟರ್ ಕತ್ತರಿ ಹಾಡಿದ ಹಾಗೆ ಓಡಿತು. ಆ ವರ್ಷದ ಬೇಸ್‌ಬಾಲ್ ಪೂರ್ತಿ ಮುಗಿದ ಮರುದಿನ ಮಾಸ್ಟರ್ ಟೇಪು ಸುತ್ತಿದರು, ಕತ್ತರಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಕಟ್ಟಿದರು, ಕೋಟು ಹಾಕಿಕೊಂಡರು.

"ಎಲ್ಲಿಗೆ ಮಾಸ್ಟರ್? ಮೈ ಹುಷಾರಿಲ್ವಾ?"

"ಹುಷಾರಾಗಿದ್ದೀನಿ ಮೇಡಂ. ಆಫ್ ಸೀಸನ್."

"ಏನು?"

"ಆಟಗಾರರು ಈಗ ಮನೆಗೆ ಹೋಗ್ತಾರಲ್ಲ. ನಾವೂ ಬೆಂಗಳೂರಿಗೆ ಹೊರಟ್ವಿ. ಟಿಕೆಟ್ ಆಗಿದೆ."

"ಮಾಸ್ಟರ್! ಡಿಸೆಂಬರ್ ಅಂದ್ರೆ ಮದುವೆ ಸೀಸನ್ನು! ನಲವತ್ತು ಬ್ಲೌಸ್ ಒಪ್ಪಿಕೊಂಡಿದ್ದೇನೆ! ವಾಪಸ್ ಯಾವಾಗ?"

"ಫೆಬ್ರವರಿ ಮಧ್ಯಕ್ಕೆ."

"ಬಂದ ದಿನವೇ ಕತ್ತರಿ ಹಿಡಿಯಬೇಕು ಮತ್ತೆ!"

ಮಾಸ್ಟರ್ ತುಂಬ ಮರುಕದಿಂದ ನನ್ನನ್ನು ನೋಡಿದರು. "ಅದು ಹೇಗಾಗತ್ತೆ ಮೇಡಂ? ಆಟಗಾರರ ಹಾಗೆ ಮೊದಲ ಆರು ವಾರ ಪ್ರಾಕ್ಟೀಸು. ಹಳೇ ಬಟ್ಟೆ ಮೇಲೆ."

ಲಾಯರ್ ಗಿರಾಕಿಗೆ ಕಾಂಟ್ರಾಕ್ಟ್ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, "ಆಂಟಿ, ಇದರಲ್ಲಿ ತಪ್ಪಿಸಿಕೊಳ್ಳೋಕೆ ಒಂದು ತೂತೂ ಇಲ್ಲ. ಯಾರು ಬರೆದಿದ್ದು?" ಎಂದರು. "ನಾನೇ" ಎಂದೆ. ಹೇಳುವಾಗ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಚಳಿಗಾಲ ಬಂದರೆ ನಾನೇ ಕತ್ತರಿ ಹಿಡಿಯುತ್ತೇನೆ. ಸಂಜೆ ಫೋನನ್ನು ಮೆಷೀನಿಗೆ ಒರಗಿಸಿಟ್ಟಿರುತ್ತೇನೆ. ಅಲ್ಲಿ ಬೆಳಿಗ್ಗೆ, ಮಾಸ್ಟರ್ ಚಹಾ ಕುಡಿಯುತ್ತಾ ವಿಡಿಯೋದಲ್ಲಿ ನನ್ನ ಗೆರೆ ನೋಡಿ "ಕಂಕುಳು ಕಾಲಿಂಚು ಕೆಳಗೆ ಮೇಡಂ" ಎನ್ನುತ್ತಾರೆ. ಹಿಂದಿನಿಂದ ಏಜೆಂಟ್, "ರಜದಲ್ಲಿ ಕೆಲಸ ಹೇಳಿದ್ರೆ ಎಕ್ಸ್‌ಟ್ರಾ" ಎಂದು ಕೂಗುತ್ತಾರೆ.

ಈಗ ನನ್ನದು ಎಂದು ಇರುವುದು ಇಷ್ಟು: ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡ್ ರಸ್ತೆಯಲ್ಲಿ ನನ್ನ ಹೆಸರಿನ ಅಂಗಡಿ, ಐದು ಮೆಷೀನು, ಒಂದು ಉದ್ದನೆಯ ಟೇಬಲ್ಲು, ಮತ್ತು ಮಾಸ್ಟರ್‌ಗೆ ಎಪ್ಪತ್ತೊಂದು ತುಂಬುವ ತನಕ ಈ ಇಡೀ ಕ್ಯಾಲಿಫೋರ್ನಿಯಾದಲ್ಲಿ ನಾನು ಕಂಡ ಅತ್ಯಂತ ದೊಡ್ಡ ಕೈ. ಅದಕ್ಕೆಲ್ಲ ನಾನು ಕೊಟ್ಟದ್ದು: ಇಪ್ಪತ್ತೆರಡು ವರ್ಷ, ಎರಡೂ ಮೊಣಕಾಲು, ಮತ್ತು ಹತ್ತು ಚಳಿಗಾಲ.